ಡಬ್ಬಿಯ ಹಿಂಬದಿ ಓದಿ ಕೊಳ್ಳಿ: ಕಡಿಮೆ ಖರ್ಚಿನಲ್ಲಿ ಸರಿಯಾದ ಸಿಂಥೆಟಿಕ್ ಎಂಜಿನ್ ಆಯಿಲ್

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಯಾವುದಾದರೂ ಆಟೋಮೊಬೈಲ್ ಅಂಗಡಿಗೆ ಹೋಗಿ ಸಿಂಥೆಟಿಕ್ ಆಯಿಲ್ ಕೇಳಿ. "ಯಾವ ಗಾಡಿ ರೀ?" ಅನ್ನುತ್ತಾರೆ. ಹೆಸರು ಹೇಳಿದ ಕೂಡಲೇ ಎರಡು ಮೂರು ಡಬ್ಬಿ ಕೌಂಟರ್ ಮೇಲೆ ಬಂದು ಕೂರುತ್ತವೆ. ಎಲ್ಲದರ ಮೇಲೂ ‘ಫುಲ್ಲಿ ಸಿಂಥೆಟಿಕ್’ ಅಂತ ದೊಡ್ಡ ಅಕ್ಷರ. ಬೆಲೆ ಮಾತ್ರ ಒಂದರದು ಇನ್ನೊಂದರ ದುಪ್ಪಟ್ಟು. ದುಬಾರಿಯದು ತಗೊಂಡರೆ ಜೇಬಿಗೆ ಹೊರೆ, ಸೋವಿಯದು ತಗೊಂಡರೆ ಎಂಜಿನ್ ಕೆಟ್ಟರೆ ಏನು ಗತಿ ಅಂತ ಭಯ.

ಈ ಭಯಕ್ಕೆ ಮದ್ದು ನಿಮ್ಮ ಗಾಡಿಯ ಒಳಗೇ ಇದೆ. ಎಡಗಡೆ ಸೀಟಿನ ಮುಂದಿನ ಖಾನೆಯಲ್ಲಿ, ಇನ್ಶೂರೆನ್ಸ್ ಕಾಗದಗಳ ಕೆಳಗೆ ಬಿದ್ದಿರುವ ಓನರ್ಸ್ ಮ್ಯಾನುಯಲ್. ಅದರಲ್ಲಿ ನಿಮ್ಮ ಎಂಜಿನ್‌ಗೆ ಎಂಥ ಆಯಿಲ್ ಬೇಕು ಅಂತ ಒಂದು ಸಾಲು ಇದೆ. ಆ ಸಾಲಿಗೆ ಪೂರ್ತಿ ಹೊಂದುವ ಅಸಲಿ ಡಬ್ಬಿಗಳಲ್ಲಿ ಯಾವುದು ಸೋವಿಯೋ ಅದೇ ನಿಮಗೆ ಸರಿಯಾದ ಆಯಿಲ್. ಅದಕ್ಕಿಂತ ಜಾಸ್ತಿ ಕೊಡಬೇಕಾಗಿಲ್ಲ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಗೋಕರ್ಣಕ್ಕೆ ಹೊರಡುವ ಮುಂಚೆ ಗಾಡಿಯನ್ನು ಪರಿಚಯದ ಒಂದು ಗ್ಯಾರೇಜಿನಲ್ಲಿ ಬಿಟ್ಟಿದ್ದೆ. "ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೋರು ನೀವು, ನಮ್ಮ ಬಿಸಿಲಿಗೆ ಸ್ವಲ್ಪ ದಪ್ಪನೆ ಆಯಿಲ್ ಇರಲಿ ರೀ ಅಣ್ಣಾ" ಅಂದರು ಮಿಸ್ತ್ರಿ. ಪ್ರೀತಿಯಿಂದಲೇ ಹೇಳಿದ್ದು. ಮ್ಯಾನುಯಲ್ ಕೇಳಿದ್ದು 0ಡಬ್ಲ್ಯೂ-20 ಅನ್ನುವ ತೆಳು ಆಯಿಲ್, ಹಾಕಿದ್ದು 20ಡಬ್ಲ್ಯೂ-50 ಅನ್ನುವ ದಪ್ಪನೆಯದು. ಊರಿಗೆ ಮರಳಿದ ಮೇಲೆ ಬೆಳಗಿನ ಮೊದಲ ಸ್ಟಾರ್ಟ್‌ಗೆ ಎಂಜಿನ್ ಮೇಲ್ಭಾಗದಲ್ಲಿ ಟಕ್ ಟಕ್ ಸದ್ದು ಶುರುವಾಯಿತು. ಪಿಕಪ್ ಭಾರ ಅನಿಸತೊಡಗಿತು. ಬಿಲ್ ತೆಗೆದು ನೋಡಿದರೆ ‘ಆಯಿಲ್’ ಅಂತಷ್ಟೇ ಬರೆದಿತ್ತು. ಯಾವ ಕಂಪನಿ, ಯಾವ ಗ್ರೇಡ್, ಏನೂ ಇಲ್ಲ. ಅದನ್ನು ಬಸಿದು ಸರಿಯಾದದ್ದು ಹಾಕಿಸಲು ಎರಡನೇ ಸಲ ರೊಕ್ಕ ಕೊಟ್ಟೆ.

ಮೊದಲು ಮ್ಯಾನುಯಲ್ ತೆಗೆಯಿರಿ

ಹಿಂಬದಿಯ ಪುಟಗಳಲ್ಲಿ ‘ಸ್ಪೆಸಿಫಿಕೇಶನ್ಸ್’ ಅಥವಾ ‘ಲೂಬ್ರಿಕೆಂಟ್ಸ್’ ಅನ್ನುವ ಭಾಗ ಇರುತ್ತದೆ. ಪುಸ್ತಕ ಕಳೆದಿದ್ದರೆ ಬಹಳಷ್ಟು ಕಾರು ಕಂಪನಿಗಳ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ. ಆದರೆ ನಿಮ್ಮ ಮಾಡೆಲ್ ಜೊತೆಗೆ ವರ್ಷ ಮತ್ತು ಎಂಜಿನ್ ಎರಡನ್ನೂ ಹೊಂದಿಸಿ ನೋಡಿ. ಒಂದೇ ಹೆಸರಿನ ಕಾರಿನಲ್ಲಿ ಬಿಎಸ್-4 (ಭಾರತ್ ಸ್ಟೇಜ್ ಅನ್ನುವ ಹೊಗೆ ನಿಯಮದ ಹಳೆಯ ಹಂತ) ಎಂಜಿನ್ ಕೇಳುವ ಆಯಿಲ್ ಒಂದು, 2020ರ ನಂತರದ ಬಿಎಸ್-6 ಎಂಜಿನ್ ಕೇಳುವುದು ಇನ್ನೊಂದು ಆಗಿರಬಹುದು. ಪಕ್ಕದ ಮನೆಯವರ ಗಾಡಿಯೂ ನಮ್ಮದೂ ಒಂದೇ ಅಂತ ಅವರು ತಂದ ಡಬ್ಬಿಯನ್ನೇ ತರಬೇಡಿ. ಕೆಲವು ಕಾರುಗಳಲ್ಲಿ ಆಯಿಲ್ ಹಾಕುವ ಮುಚ್ಚಳದ ಮೇಲೂ ಗ್ರೇಡ್ ಅಚ್ಚಾಗಿರುತ್ತದೆ.

ಸಿಕ್ಕ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಗ್ರೇಡ್, ಅಂದರೆ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಥರದ ಅಂಕಿ ಇರಬೇಕು. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅಥವಾ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಕೊಡುವ ಗುಣಮಟ್ಟದ ಗುರುತು ಇರಬೇಕು. ಕಾರು ಕಂಪನಿಯದೇ ನಂಬರ್ ಇದ್ದರೆ ಅದೂ ಬೇಕು. ಕೊನೆಗೆ ಫಿಲ್ಟರ್ ಬದಲಿಸಿದಾಗ ಎಷ್ಟು ಲೀಟರ್ ಹಿಡಿಯುತ್ತದೆ ಅನ್ನುವುದು. ಈ ಕೊನೆಯದನ್ನು ತುಂಬಾ ಜನ ಬಿಟ್ಟೇ ಬಿಡುತ್ತಾರೆ, ಅಲ್ಲಿಯೇ ರೊಕ್ಕ ಪೋಲಾಗುತ್ತದೆ.

ಮ್ಯಾನುಯಲ್ ಒಂದಕ್ಕಿಂತ ಹೆಚ್ಚು ಗ್ರೇಡ್ ಒಪ್ಪಿದೆಯಾ ಅಂತಲೂ ನೋಡಿ. ಕೆಲವು ಕಂಪನಿಗಳು ಹೊರಗಿನ ಹವೆಯ ಪ್ರಕಾರ ಪಟ್ಟಿ ಕೊಟ್ಟಿರುತ್ತವೆ. ಮೊದಲ ಆಯ್ಕೆ 0ಡಬ್ಲ್ಯೂ-20, ಸಿಗದಿದ್ದರೆ 5ಡಬ್ಲ್ಯೂ-30 ಅಂತ ಬರೆದಿದ್ದರೆ ನಿಮಗೆ ಆರಿಸಲು ಜಾಗ ಜಾಸ್ತಿ. 5ಡಬ್ಲ್ಯೂ-30 ಹೆಚ್ಚು ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆಯಲ್ಲಿ ಪೈಪೋಟಿಯೂ ಇರುತ್ತದೆ. ಆದರೆ ಪುಸ್ತಕದಲ್ಲಿ ಇಲ್ಲದ ಗ್ರೇಡನ್ನು ನಾವೇ ಊಹಿಸಿ ಹಾಕಬಾರದು.

ಅಂಕಿಗಳು ಏನು ಹೇಳುತ್ತವೆ

ಡಬ್ಲ್ಯೂ ಅಂದರೆ ವಿಂಟರ್. ಅದರ ಎಡಕ್ಕಿರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಹೇಳುತ್ತದೆ. ಕಡಿಮೆ ಇದ್ದಷ್ಟೂ ಬೇಗ ಹರಿಯುತ್ತದೆ. ಬಲಕ್ಕಿರುವ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ದಪ್ಪ ಇರುತ್ತದೆ ಅನ್ನುವುದು.

"ಧಾರವಾಡದಾಗ ಹಿಮ ಬೀಳ್ತೈತೇನ್ರಿ? ಸೊನ್ನೆ ಡಬ್ಲ್ಯೂ ಯಾಕೆ ಬೇಕು?" ಅಂತ ನಮ್ಮ ಮಾವನವರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಎಂಜಿನ್ ಕಣ್ಣಿನಿಂದ ನೋಡಿದರೆ ಉತ್ತರ ತಿಳಿಯುತ್ತದೆ. ಓಡುವಾಗ ಎಂಜಿನ್ ಸುಮಾರು 90 ಡಿಗ್ರಿ ಬಿಸಿಯಲ್ಲಿರುತ್ತದೆ. ಆ ಲೆಕ್ಕದಲ್ಲಿ ನಮ್ಮ ಏಪ್ರಿಲ್ ಬೆಳಗೂ ಎಂಜಿನ್‌ಗೆ ತಣ್ಣಗಿನ ಹೊತ್ತೇ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಕೀಲಿ ತಿರುವಿದ ಮೇಲೆ ಅದು ಬೇಗ ಮೇಲೇರಬೇಕು. ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಕೆಲಸವೂ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಆ ದಾರಿಗಳು ಸಣ್ಣ. ಅಲ್ಲಿಗೆ ದಪ್ಪ ಆಯಿಲ್ ತುರುಕಿದರೆ ಕೆಲಸ ತಡವಾಗುತ್ತದೆ, ಪಂಪ್‌ಗೂ ಶ್ರಮ, ಪೆಟ್ರೋಲೂ ಜಾಸ್ತಿ. ಬಿಸಿಲಿಗೆ ದಪ್ಪ ಆಯಿಲ್ ಅನ್ನುವುದು ಹಳೆಯ ಎಂಜಿನ್‌ಗಳ ಕಾಲದ ಮಾತು. ರೇಡಿಯೇಟರ್ ಸರಿ ಇದ್ದರೆ ಹೊರಗೆ 38 ಡಿಗ್ರಿ ಇದ್ದರೂ ಎಂಜಿನ್ ತನ್ನ ಬಿಸಿಯನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುತ್ತದೆ.

ಅದೇ ಮಾತು ಉಲ್ಟಾ ಕೂಡ ನಿಜ. 5ಡಬ್ಲ್ಯೂ-40 ಕೇಳುವ ಎಂಜಿನ್‌ಗೆ ಮೈಲೇಜ್ ಆಸೆಯಿಂದ 0ಡಬ್ಲ್ಯೂ-16 ಹಾಕಿದರೆ ಬೇರಿಂಗ್‌ಗಳ ನಡುವೆ ಸಾಕಷ್ಟು ಗಟ್ಟಿ ಪದರ ನಿಲ್ಲುವುದಿಲ್ಲ.

ಈಗ ಹಿಂಬದಿ

ಡಬ್ಬಿಯ ಮುಂಬದಿ ಜಾಹೀರಾತು. ಕೆಲಸದ ಮಾತೆಲ್ಲ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಪೆಟ್ರೋಲ್ ಗಾಡಿಗೆ ಎಪಿಐ ಗುರುತು ‘ಎಸ್’ ಅಕ್ಷರದಿಂದ ಶುರುವಾಗುತ್ತದೆ. ಅದರ ಪಕ್ಕದ ಅಕ್ಷರ ಎಬಿಸಿಡಿ ಸಾಲಿನಲ್ಲಿ ಮುಂದಿದ್ದಷ್ಟೂ ಹೊಸದು. ಎಸ್‌ಎಲ್ 2001ರದು, ಎಸ್‌ಎಂ 2004ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. 2025ರಲ್ಲಿ ಎಸ್‌ಕ್ಯೂ ಬಂದಿದೆ. ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ, ಹಳೆಯದು ಹೊಸದರ ಜಾಗದಲ್ಲಿ ನಡೆಯುವುದಿಲ್ಲ. ನಿಮ್ಮ ಮ್ಯಾನುಯಲ್ ಎಸ್‌ಎನ್ ಕೇಳಿದ್ದರೆ ಎಸ್‌ಪಿ ಡಬ್ಬಿಯನ್ನು ನೆಮ್ಮದಿಯಿಂದ ತಗೊಳ್ಳಿ, ಗ್ರೇಡ್ ಒಂದೇ ಇದ್ದರೆ ಸಾಕು.

ಟರ್ಬೊ ಪೆಟ್ರೋಲ್ ಗಾಡಿ ಇದ್ದವರು ಇಲ್ಲಿ ಸ್ವಲ್ಪ ನಿಲ್ಲಿ. ಸಿಲಿಂಡರ್ ಒಳಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಒಂದು ತೊಂದರೆ ಇದೆ. ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಸ್ಪಾರ್ಕ್ ಬೀಳುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಆ ಹೊಡೆತಕ್ಕೆ ಪಿಸ್ಟನ್ ಒಡೆಯಬಹುದು. ಆಯಿಲ್‌ನಲ್ಲಿ ಬೆರೆಸಿದ ಕ್ಯಾಲ್ಸಿಯಂ ಅಂಶ ಜಾಸ್ತಿ ಇದ್ದರೆ ಇದು ಹೆಚ್ಚುತ್ತದೆ ಅಂತ ಕಂಡುಕೊಂಡ ಮೇಲೆ 2018ರಲ್ಲಿ ಎಸ್‌ಎನ್ ಪ್ಲಸ್, ಆಮೇಲೆ ಎಸ್‌ಪಿ ಬಂದವು. ಎಸ್‌ಪಿಯಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ) ಸವೆತದ ಪರೀಕ್ಷೆಯೂ ಸೇರಿದೆ. ಇಂಥ ಗಾಡಿಗೆ ಅಂಗಡಿಯ ಮೂಲೆಯಲ್ಲಿ ಉಳಿದ ಹಳೆ ಎಸ್‌ಎನ್ ಡಬ್ಬಿಯನ್ನು ರಿಯಾಯಿತಿ ಅಂತ ತರಬೇಡಿ. ಗೇರ್ ಇಳಿಸದೆ ನವಿಲೂರು ಏರು ಹತ್ತಿಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಇನ್ನು ಕಾರು ಕಂಪನಿಯ ಸ್ವಂತ ನಂಬರ್. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಿಗೆ 502 00, 507 00, 508 00 ಥರದ ಅಂಕಿ ಇರುತ್ತದೆ. ಮರ್ಸಿಡಿಸ್‌ಗೆ 229.5, 229.52 ಮುಂತಾದವು. ಫೋರ್ಡ್‌ಗೆ ಡಬ್ಲ್ಯೂಎಸ್‌ಎಸ್ ಅಂತ ಶುರುವಾಗುವ ಉದ್ದ ನಂಬರ್. ಇವು ಒಂದರ ಬದಲು ಇನ್ನೊಂದು ನಡೆಯುವಂಥವಲ್ಲ. 508 00 ಅಂದರೆ ತೆಳ್ಳನೆ 0ಡಬ್ಲ್ಯೂ-20, ಅದನ್ನು 502 00 ಕೇಳುವ ಹಳೆ ಎಂಜಿನ್‌ಗೆ ಹಾಕುವಂತಿಲ್ಲ. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಹೇಳಿದ ಮೇಲೆ ಅದರ ಗಾಡಿ ಇಟ್ಟುಕೊಂಡವರಲ್ಲಿ ಬಹಳ ಜನ ಹೊರಗಿನ ಗ್ಯಾರೇಜ್ ನಂಬಿದ್ದಾರೆ. ಅವರಿಗೆ ಈ ನಂಬರೇ ದಾರಿ ತೋರಿಸುವುದು.

ನಂಬರಿನ ಪಕ್ಕದ ಮಾತನ್ನೂ ಓದಿ. ‘ಅಪ್ರೂವಲ್’ ಅಂತ ಇದ್ದರೆ ಕಾರು ಕಂಪನಿ ಪರೀಕ್ಷೆ ನೋಡಿ ಒಪ್ಪಿದೆ ಅಂತ ಅರ್ಥ. ‘ಮೀಟ್ಸ್’ ಅಂತ ಇದ್ದರೆ ಆ ಮಟ್ಟಕ್ಕೆ ಹೊಂದುತ್ತದೆ ಅನ್ನುವುದು ಆಯಿಲ್ ಕಂಪನಿ ತಾನೇ ಕೊಡುವ ಮಾತು. ‘ಸೂಟಬಲ್ ಫಾರ್’ ಅಂದರೆ ಇನ್ನೂ ಸಡಿಲ. ಮ್ಯಾನುಯಲ್ ಬರೀ ಗ್ರೇಡ್ ಮತ್ತು ಎಪಿಐ ಕೇಳಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಕಡೆ ಓಡುವ ಬಹುತೇಕ ಸಣ್ಣ ಪೆಟ್ರೋಲ್ ಕಾರುಗಳು ಆ ಗುಂಪಿನವೇ. ಯುರೋಪಿನ ಗಾಡಿ ಇದ್ದರೆ ಮಾತ್ರ ಅಪ್ರೂವಲ್ ಇರುವುದನ್ನೇ ಹಿಡಿಯಿರಿ. ಎಪಿಐ ಲೈಸೆನ್ಸ್ ಪಡೆದ ಆಯಿಲ್‌ಗಳ ಪಟ್ಟಿ ಅದರ ವೆಬ್‌ಸೈಟಿನಲ್ಲಿ ಇದೆ. ಮರ್ಸಿಡಿಸ್ ಕೂಡ ತಾನು ಒಪ್ಪಿದ ಆಯಿಲ್‌ಗಳ ಪಟ್ಟಿ ಹಾಕಿದೆ. ಅಂಗಡಿಗೆ ಹೋಗುವ ಮುಂಚೆ ಐದು ನಿಮಿಷ ಹುಡುಕಿದರೆ ಗೊತ್ತಾಗುತ್ತದೆ.

‘ಸಿಂಥೆಟಿಕ್’ ಅನ್ನುವ ಪದದ ಬಗ್ಗೆ ಒಂದು ಮಾತು. ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದ್ದಾರೆ. ನಾಲ್ಕನೇ ಗುಂಪಿನದು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಕಟ್ಟಿದ್ದು. ಮೂರನೇ ಗುಂಪಿನದು ಕಚ್ಚಾ ತೈಲವನ್ನೇ ಹೈಡ್ರೋಜನ್ ಬಳಸಿ ತುಂಬಾ ಶುದ್ಧ ಮಾಡಿದ್ದು. ಅದನ್ನೂ ಸಿಂಥೆಟಿಕ್ ಅಂತಲೇ ಮಾರುತ್ತಾರೆ, ಅಂಗಡಿಯಲ್ಲಿ ಸಿಗುವ ಬಹಳಷ್ಟು ಡಬ್ಬಿಗಳಲ್ಲಿ ಇರುವುದು ಅದೇ. ಇದರಲ್ಲಿ ಮೋಸ ಏನಿಲ್ಲ, ಅದು ಒಳ್ಳೆಯ ಎಣ್ಣೆಯೇ. ಆದರೆ ಈ ಪದ ಯಾವ ಅಳತೆಯನ್ನೂ ಹೇಳುವುದಿಲ್ಲ. 0ಡಬ್ಲ್ಯೂ-20 ಎಸ್‌ಪಿ ಗುಣಮಟ್ಟ ಮುಟ್ಟಬೇಕಾದರೆ ಒಳಗಿನ ಎಣ್ಣೆ ಹೇಗೂ ಆ ಮಟ್ಟದ್ದೇ ಇರಬೇಕು. ಹಾಗಾಗಿ ಪದಕ್ಕೆ ಬೇರೆ, ಗುಣಮಟ್ಟಕ್ಕೆ ಬೇರೆ ಅಂತ ಎರಡು ಸಲ ರೊಕ್ಕ ಕೊಡಬೇಡಿ.

ಡೀಸೆಲ್ ಗಾಡಿಯವರಿಗೆ

ಬಿಎಸ್-6 ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಸೋಸುಕ ಇದೆ. ಅದು ಹೊಗೆಯ ಮಸಿಯನ್ನು ಹಿಡಿದು ಆಗಾಗ ಸುಟ್ಟು ಹಾಕುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಆ ಬೂದಿ ಬರುವುದು ಎಂಜಿನ್ ಆಯಿಲ್‌ನಲ್ಲಿ ಬೆರೆಸಿದ ಲೋಹದ ಅಂಶಗಳಿಂದ. ಅದಕ್ಕೇ ಇಂಥ ಗಾಡಿಗಳಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಡಬ್ಬಿಯ ಮೇಲೆ ಎಸಿಇಎ ಸಿ2 ಅಥವಾ ಸಿ3 ಅಂತ ಇರುತ್ತದೆ, ಅವುಗಳಲ್ಲಿ ಬೂದಿಯ ಮಿತಿ ಶೇಕಡಾ 0.8. ಸಿ2 ತೆಳು, ಸಿ3 ಅದಕ್ಕಿಂತ ಗಟ್ಟಿ ಪದರದ್ದು, ಪುಸ್ತಕ ಯಾವುದನ್ನು ಕೇಳಿದೆಯೋ ಅದೇ ಬೇಕು. ಹಳೆ ಡೀಸೆಲ್‌ಗೆ ಒಗ್ಗಿದ್ದ ಎ3/ಬಿ4 ಆಯಿಲ್ ಇಲ್ಲಿ ಹಾಕಿದರೆ ಇವತ್ತು ಏನೂ ಆಗುವುದಿಲ್ಲ. ನಿಧಾನಕ್ಕೆ ಸೋಸುಕ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವ ಖರ್ಚಿನ ಮುಂದೆ ಆಯಿಲ್‌ನಲ್ಲಿ ಉಳಿಸಿದ್ದು ಏನೇನೂ ಅಲ್ಲ.

ಡೀಸೆಲ್ ಗಾಡಿಯನ್ನು ಬರೀ ವಿದ್ಯಾನಗರದಿಂದ ದುರ್ಗದಬೈಲಿಗೆ, ಅಲ್ಲಿಂದ ಮನೆಗೆ ಅಂತ ಓಡಿಸುವವರು ಡಿಪ್‌ಸ್ಟಿಕ್ (ಎಂಜಿನ್‌ನಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲೆ ಕಣ್ಣಿಡಬೇಕು. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತರೆ ಡೀಸೆಲ್ ಸೋರಿ ಆಯಿಲ್‌ಗೆ ಸೇರುತ್ತದೆ, ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾದರೆ ಎಲ್ಲರೂ ಗಾಬರಿಯಾಗುತ್ತಾರೆ. ಜಾಸ್ತಿಯಾದರೂ ಗಾಬರಿಯಾಗಬೇಕು. ವಾರಕ್ಕೊಮ್ಮೆ ಬೈಪಾಸ್ ಹಿಡಿದು ಧಾರವಾಡದವರೆಗೆ ಒಂದೇ ಓಟದಲ್ಲಿ ಹೋಗಿ ಬಂದರೆ ಈ ಕಷ್ಟ ಕಡಿಮೆ. ಆಯಿಲ್ ಬೇಗ ಕಪ್ಪಾಯಿತು ಅಂತ ಮಾತ್ರ ಚಿಂತೆ ಬೇಡ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ರೊಕ್ಕದ ಲೆಕ್ಕ

ಸಾಲು ಕೈಯಲ್ಲಿದ್ದರೆ ಬೆಲೆ ಹೋಲಿಸುವುದು ಸುಲಭ. ಮೂರು ಕಡೆ ಕೇಳಿ. ಕಾರು ಕಂಪನಿಯ ಹೆಸರಿನ ಜೆನ್ಯುಯಿನ್ ಆಯಿಲ್ ಸ್ಪೇರ್ಸ್ ಅಂಗಡಿಗಳಲ್ಲೂ ಸಿಗುತ್ತದೆ, ಎಷ್ಟೋ ಸಲ ದೊಡ್ಡ ಬ್ರ್ಯಾಂಡಿಗಿಂತ ಸೋವಿ. ಇಂಡಿಯನ್ ಆಯಿಲ್‌ನ ಸರ್ವೊ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂನ ಆಯಿಲ್‌ಗಳು ಬಂಕ್‌ಗಳಲ್ಲೂ ಇರುತ್ತವೆ. ಸರಕಾರಿ ಕಂಪನಿಯದು ಅಂತ ಕಡೆಗಣಿಸಬೇಡಿ, ಹಿಂಬದಿ ಓದಿ. ಕೊನೆಗೆ ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ಗಲ್ಫ್, ವಾಲ್ವೊಲಿನ್ ಥರದವು. ನಾನು ಒಂದೇ ಬ್ರ್ಯಾಂಡಿಗೆ ಅಂಟಿಕೊಂಡಿಲ್ಲ. ಆ ವರ್ಷ ಸಾಲಿಗೆ ಹೊಂದಿ ಯಾವುದು ಕಡಿಮೆಗೆ ಸಿಕ್ಕಿತೋ ಅದೇ.

ಲೆಕ್ಕಕ್ಕೆಂದು ಒಂದಿಷ್ಟು ಬೆಲೆ ಹಿಡಿಯೋಣ. ನಿಮ್ಮ ಎಂಜಿನ್ 3.1 ಲೀಟರ್ ಹಿಡಿಯುತ್ತದೆ. 3.5 ಲೀಟರ್ ಡಬ್ಬಿಗೆ 1,750 ರೂಪಾಯಿ, ಅಂದರೆ ಲೀಟರಿಗೆ 500. 4 ಲೀಟರ್ ಡಬ್ಬಿಗೆ 1,840, ಲೀಟರಿಗೆ 460. ಎರಡನೆಯದು ಸೋವಿ ಅನಿಸುತ್ತದೆ. ಆದರೆ ಜೇಬಿನಿಂದ 90 ರೂಪಾಯಿ ಜಾಸ್ತಿ ಹೋಯಿತು, ಬಳಸದ 0.9 ಲೀಟರ್ ಮನೆಯಲ್ಲಿ ಉಳಿಯಿತು. ಎರಡು ಸರ್ವಿಸ್ ನಡುವೆ ಮಟ್ಟ ಇಳಿದರೆ ಸ್ವಲ್ಪ ಸುರಿಯಲು ಮೊದಲ ಡಬ್ಬಿಯಲ್ಲಿ ಉಳಿಯುವ 0.4 ಲೀಟರೇ ಸಾಕು. ಅದೇ ಗುಣಮಟ್ಟದ ಇನ್ನೊಂದು ಬ್ರ್ಯಾಂಡ್ 3,150 ಹೇಳಿದರೆ ವ್ಯತ್ಯಾಸ 1,400. ಅಷ್ಟರಲ್ಲಿ ಒಳ್ಳೆಯ ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಬರಬಹುದು. ನವಲಗುಂದ, ನರಗುಂದ ಕಡೆ ಎರೆ ಹೊಲದ ದಾರಿಯಲ್ಲಿ ಓಡಾಡುವ ಗಾಡಿಗೆ ದುಬಾರಿ ಆಯಿಲ್‌ಗಿಂತ ಹೊಸ ಏರ್ ಫಿಲ್ಟರ್ ಹೆಚ್ಚು ಉಪಕಾರ ಮಾಡುತ್ತದೆ.

ಉಳಿದ ಕಾರ್ ಆಯಿಲನ್ನು ಬೈಕಿಗೆ ಸುರಿಯಬೇಡಿ. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಪೆಟ್ರೋಲ್ ಉಳಿಸಲು ಜಾರುವ ಅಂಶ ಬೆರೆಸಿದ ಕಾರ್ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಸಿಂಥೆಟಿಕ್ ಹಾಕಿದ್ದೇವೆ, ಎರಡು ವರ್ಷ ನಡೆಯುತ್ತದೆ ಅನ್ನುವುದು ಉಳಿತಾಯವಲ್ಲ. ಮಾರುತಿ, ಹ್ಯುಂಡೈ ಪೆಟ್ರೋಲ್ ಗಾಡಿಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಧೂಳಿನ ದಾರಿ, ಬರೀ ಸಣ್ಣ ಓಡಾಟ ಇದ್ದರೆ ಮ್ಯಾನುಯಲ್ ಇನ್ನೂ ಬೇಗ ಬದಲಿಸಲು ಹೇಳುತ್ತದೆ. ಗಾಡಿ ವಾರಂಟಿಯಲ್ಲಿದ್ದರೆ ಆ ಅವಧಿ ಮುಗಿಯುವವರೆಗೆ ಕಂಪನಿ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಆದರೆ ಬಿಲ್ಲಿನಲ್ಲಿ ಆಯಿಲ್ ಗ್ರೇಡ್ ಮತ್ತು ಲೀಟರ್ ಬರೆಸಿಕೊಳ್ಳಿ. 3.1 ಹಿಡಿಯುವ ಎಂಜಿನ್‌ಗೆ 4 ಲೀಟರ್ ಬಿಲ್ ಮಾಡಿದ್ದರೆ ಯಾಕೆ ಅಂತ ಕೇಳಿ.

ನಕಲಿ ಡಬ್ಬಿ

ಎಂಆರ್‌ಪಿಗಿಂತ ಸ್ವಲ್ಪ ಕಡಿಮೆಗೆ ಕೊಡುವುದು ಮಾಮೂಲು. ಅರ್ಧಕ್ಕೆ ಕೊಟ್ಟರೆ ಡಬ್ಬಿ ಅಲ್ಲೇ ಬಿಟ್ಟು ಬನ್ನಿ. ಮುಚ್ಚಳದ ಸೀಲ್ ಬಿಗಿಯಾಗಿದೆಯಾ, ಬ್ಯಾಚ್ ನಂಬರ್ ಮತ್ತು ತಯಾರಾದ ತಿಂಗಳು ಉಜ್ಜಿದರೆ ಅಳಿಯದಂತೆ ಇವೆಯಾ, ಸ್ಟಿಕರ್ ಮೇಲೆ ಇನ್ನೊಂದು ಸ್ಟಿಕರ್ ಇದೆಯಾ ಅಂತ ನೋಡಿ. ಕ್ಯೂಆರ್ ಅಥವಾ ಕೆರೆಯುವ ಕೋಡ್ ಇದ್ದರೆ ಅಂಗಡಿಯಲ್ಲೇ ಪರೀಕ್ಷಿಸಿ. ಜಿಎಸ್‌ಟಿ ನಂಬರ್ ಇರುವ ಬಿಲ್ ಇಲ್ಲದೆ ಹೊರಡಬೇಡಿ. ಬ್ಯಾರಲ್‌ನಿಂದ ಅಳೆದು ಕೊಡುವ ಲೂಸ್ ಆಯಿಲ್ ಬೇಡವೇ ಬೇಡ. ಅದರ ಹಿಂಬದಿ ಓದಲು ಏನೂ ಇರುವುದಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ನಕಲಿ ಮಾಡುವವರಿಗೆ ಬೇಕಾದದ್ದು ಅಸಲಿ ಖಾಲಿ ಡಬ್ಬಿ. ಗುಜರಿಗೆ ಹಾಕುವ ಮುಂಚೆ ಡಬ್ಬಿಗೆ ದೊಡ್ಡ ತೂತು ಮಾಡಿ, ಲೇಬಲ್ ಹರಿದು ಹಾಕಿ.

ಹಾಕಿಸುವ ದಿನ

ಗ್ಯಾರೇಜಿನಲ್ಲಿ ನಿಂತು ನೋಡಿ. ಇದು ಅಪನಂಬಿಕೆಯಲ್ಲ, ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದೂ ಇಲ್ಲ. ಎಂಜಿನ್ ಬೆಚ್ಚಗಿದ್ದಾಗ ಹಳೆ ಆಯಿಲ್ ಚೆನ್ನಾಗಿ ಬಸಿಯುತ್ತದೆ. ಫಿಲ್ಟರ್ ಹೊಸದು ಹಾಕಿಸಿ, ಕೆಳಗಿನ ಡ್ರೈನ್ ಬೋಲ್ಟಿನ ವಾಷರ್ ಕೂಡ ಹೊಸದಿರಲಿ. ಅದು ಕೆಲವೇ ರೂಪಾಯಿಯ ವಸ್ತು, ಸೋರಿಕೆ ತಪ್ಪಿಸುತ್ತದೆ. ಡಬ್ಬಿಯ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಪುಸ್ತಕ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಸುರಿದು, ಎಂಜಿನ್ ಒಂದು ನಿಮಿಷ ಓಡಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಉಳಿದದ್ದು ಹಾಕಿಸಿ. ಮೇಲಿನ ಗೆರೆ ದಾಟಬಾರದು. ಜಾಸ್ತಿಯಾದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಒತ್ತಡ ನಿಲ್ಲುವುದಿಲ್ಲ. ಮೇಲೆ ಸುರಿಯುವ ಸಣ್ಣ ಬಾಟಲಿಯ ಮದ್ದು, ಎಂಜಿನ್ ಒಳಗೆ ತೊಳೆಯುವ ಫ್ಲಶ್ ಅಂತೆಲ್ಲ ಹೇಳಿದರೆ ಬೇಡ ಅನ್ನಿ. ಬೇಕಾದದ್ದೆಲ್ಲ ಆಯಿಲ್ ತಯಾರಿಸಿದವರೇ ಅಳೆದು ಬೆರೆಸಿದ್ದಾರೆ.

ಬಸಿದ ಆಯಿಲ್ ಗ್ಯಾರೇಜಿನ ಡ್ರಮ್ಮಿಗೇ ಹೋಗಲಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗೆದ್ದಲಿಗೆ ಒಳ್ಳೆಯದು ಅಂತ ಬಾಗಿಲ ಚೌಕಟ್ಟಿಗೆ ಬಳಿಯುವುದು, ಗಟಾರಕ್ಕೆ ಸುರಿಯುವುದು ನಮ್ಮ ಕಡೆ ಇನ್ನೂ ಇದೆ. ಬಳಸಿದ ಆಯಿಲ್ ಚರ್ಮಕ್ಕೆ ಕೆಟ್ಟದ್ದು. ಗಟಾರಕ್ಕೆ ಬಿದ್ದದ್ದು ಮಳೆಗಾಲದಲ್ಲಿ ಕೆರೆ ಸೇರುತ್ತದೆ.

ತಾರೀಖು, ಓಡೋಮೀಟರ್ ಅಂಕಿ, ಬ್ರ್ಯಾಂಡ್, ಗ್ರೇಡ್ ಬರೆದು ಮ್ಯಾನುಯಲ್ ಒಳಗೇ ಇಡಿ. ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ ಕೆಳಗೆ ಹಳೆ ಪೇಪರ್ ಹಾಸಿ. ಬೆಳಿಗ್ಗೆ ಅದರ ಮೇಲೆ ಒಂದು ಹನಿ ಇದ್ದರೂ ಬೋಲ್ಟ್ ಅಥವಾ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಅವತ್ತೇ ಗ್ಯಾರೇಜಿಗೆ ಹೋಗಿ. ಪೇಪರ್ ಒಣಗಿದ್ದರೆ ಒಂದು ವಾರ ಬಿಟ್ಟು ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಇನ್ನೊಮ್ಮೆ ಎಳೆದು ನೋಡಿ.